ಸೈಡ್ ಕವರಿನ ಪ್ಯಾಕಿಂಗ್

ಮೀಸೆಯ ಲಾರಿ ಶೆಡ್ಡಿನೊಳಗೆ ಬಂದು ನಿಂತಾಗ ನಾನು ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಡ್ರೈವರ್ ಸೀಟಿನ ಅಂಚು ಮಡಚುತ್ತಿದ್ದೆ. ಎಂಜಿನ್ ಆರಿಸಿದ ಮೇಲೂ ಆ ಲಾರಿ ಒಂದೆರಡು ಸಲ ಗೊರಕೆ ಹೊಡೆದೇ ಸುಮ್ಮನಾಗುವುದು. ಹಾಗಾಗಿ ತಲೆ ಎತ್ತದೆಯೇ ಯಾವ ಗಾಡಿಯೆಂದು ತಿಳಿಯಿತು. ಅದು ಬರಬಾರದಿತ್ತು. ಎಣ್ಣೆ ಸೋರುತ್ತದೆಂದು ಹೋದ ತಿಂಗಳು ಬಂದಿತ್ತು, ಅದಕ್ಕೂ ಮುಂಚೆ ಒಮ್ಮೆ ಬಂದಿತ್ತು. ಎರಡು ಸಲವೂ ನನ್ನ ಗಂಡ, ಇನ್ನು ಸೋರುವುದಿಲ್ಲ ಹೋಗು ಎಂದು ಹೇಳಿ ಕಳಿಸಿದ್ದರು.

ನಮ್ಮದು ಒಂದೇ ಸೂರಿನ ಕೆಳಗೆ ಎರಡು ಕಸುಬು. ಶೆಡ್ಡು ಅವರದು, ಅದಕ್ಕೆ ಅಂಟಿಕೊಂಡಿರುವ ಕೋಣೆ ನನ್ನದು. ಅವರು ಲಾರಿಗಳ ಎಂಜಿನ್ ಬಿಚ್ಚುತ್ತಾರೆ, ನಾನು ಲಾರಿಗಳ ಸೀಟು ಹೊಲಿಯುತ್ತೇನೆ. ನಡುವಿನ ಗೋಡೆಯಲ್ಲಿ ಒಂದು ಕಿಟಕಿಯಿದೆ. ಅದಕ್ಕೆ ಬಾಗಿಲಿಲ್ಲ, ಸರಳಿಲ್ಲ. ಚಹಾ ಲೋಟ, ಕತ್ತರಿ, ಬೈಗುಳ ಎಲ್ಲವೂ ಅದರ ಮೂಲಕವೇ ಆಚೀಚೆ ಹೋಗುತ್ತವೆ. ಮೊದಲು ನಗುವೂ ಬರುತ್ತಿತ್ತು, ಅಪ್ಪ ಮಗಳದ್ದು.

"ಮೇಸ್ತ್ರೀ, ನಿಮ್ಮ ಮುದುಕಿ ಮತ್ತೆ ಒದ್ದೆ ಮಾಡ್ಕೊಂಡ್ಳು ನೋಡಿ," ಎಂದು ಮೀಸೆ ಬಾಗಿಲು ದಬಾರನೆ ಹಾಕಿದ. ಅವನು ಆ ಲಾರಿಯ ಡ್ರೈವರೂ ಹೌದು, ಯಜಮಾನನೂ ಹೌದು. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದೆ, ಹೆಸರನ್ನು ಮಾತ್ರ ಬೋಳಿಸಿಕೊಳ್ಳಲಾಗಿಲ್ಲ.

"ನನ್ನ ಮುದುಕಿ ಯಾಕಾಗ್ತಾಳಯ್ಯ? ಕಟ್ಕೊಂಡೋನು ನೀನು."

"ಕಟ್ಕೊಂಡೋನು ನಾನೇ. ಒಳಗೆಲ್ಲಾ ಕೈ ಹಾಕಿರೋರು ನೀವು."

"ಏಯ್, ಪಕ್ಕದಲ್ಲಿ ಹೆಂಗಸು ಕೂತಿದ್ದಾಳೆ. ಬಾಯಿ ತೊಳ್ಕೊ."

"ಅಕ್ಕಂಗೆ ನಾನೇನು ಹೊಸಬನಾ?" ಎಂದು ಕಿಟಕಿಯೊಳಗೆ ತಲೆ ತೂರಿಸಿದ. ನಗುತ್ತಿದ್ದವನು ನನ್ನ ಮುಖ ಕಂಡ ಕೂಡಲೇ ನಗುವನ್ನು ಸ್ವಲ್ಪ ಕಮ್ಮಿ ಮಾಡಿಕೊಂಡ. ಈಗ ಎಲ್ಲರೂ ಹಾಗೇ. ನಮ್ಮ ಮನೆಯ ಹೊಸ್ತಿಲಿಗೆ ಬಂದಾಗ ರೇಡಿಯೋದ ಸದ್ದು ತಗ್ಗಿಸುವ ಹಾಗೆ ನಗು ತಗ್ಗಿಸುತ್ತಾರೆ.

ಮತ್ತೆ ಆಚೆ ತಿರುಗಿ, "ಮೇಸ್ತ್ರಿ, ತಮಾಷೆ ಸಾಕು," ಎಂದ. "ದಾರಿ ಉದ್ದಕ್ಕೂ ತೊಟ್ಟಿಕ್ಕಿಕೊಂಡೇ ಬಂದಿದೆ. ಸರಕು ಇಳಿಸೋ ಕಡೆ ಕಾವಲಿನವನು ಗಾಡಿ ಒಳಗೇ ಬಿಡಲ್ಲ ಅಂದ, ನೆಲ ಹಾಳಾಗತ್ತಂತೆ. ಇವತ್ತು ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ನಾಳೆ ದೊಡ್ಡ ಗ್ಯಾರೇಜಿಗೆ ಬಿಡ್ತೀನಿ. ಅವರು ಎಂಜಿನ್ನೇ ಕೆಳಗಿಳಿಸಿ ಪೂರ್ತಿ ಬಿಚ್ತಾರಂತೆ. ಬೇಜಾರು ಮಾಡ್ಕೋಬೇಡಿ."

ನನ್ನ ಗಂಡ ಲಾರಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ, ಮೇಲೆದ್ದು, ಕೈ ಒರೆಸಿಕೊಂಡು, "ಸಂಜೆಗೆ ಒಣಗಿಸಿ ಕೊಡ್ತೀನಿ," ಎಂದರು. ಆಮೇಲೆ ಕಿಟಕಿಯ ಕಡೆ ನೋಡದೆಯೇ ಕರೆದರು: "ಏನೇ, ಲೈಟು ಹಿಡಿಯೋಕೆ ಬಾ."

ಲೈಟು ಹಿಡಿಯುವುದು ನನ್ನ ಕೆಲಸವಲ್ಲ, ಮಗಳದ್ದಾಗಿತ್ತು. ಇನ್ನೂ ಫ್ರಾಕು ಹಾಕುತ್ತಿದ್ದ ಕಾಲಕ್ಕೇ ಅಪ್ಪನ ಹಿಂದೆ ಹೋಗಿ ಲೈಟು ಹಿಡಿದು ನಿಲ್ಲುತ್ತಿದ್ದಳು. ಬರುಬರುತ್ತಾ ಲೈಟು ಅಪ್ಪನ ಕೈಗೆ ಬಂತು, ಪಾನಾ ಮಗಳ ಕೈಗೆ ಹೋಯಿತು. ಹುಟ್ಟಿದ್ದು ನನ್ನ ಹೊಟ್ಟೆಯಲ್ಲಿ, ಬೆಳೆದದ್ದು ಲಾರಿಯ ಕೆಳಗೆ. ಹೊಲಿಗೆ ಕಲಿ ಎಂದರೆ, "ನಿನ್ನ ಯಂತ್ರಕ್ಕೆ ಎಣ್ಣೆ ಬೇಕಾದ್ರೆ ಹಾಕ್ಕೊಡ್ತೀನಮ್ಮ, ಹೊಲಿಯೋದು ನೀನೇ ಹೊಲಿ," ಎನ್ನುತ್ತಿದ್ದಳು. ಡ್ರೈವರುಗಳು ಅವಳನ್ನು ಸಣ್ಣ ಮೇಸ್ತ್ರಿ ಎಂದು ಕರೆದರು, ಮೊದಮೊದಲು ಚೇಷ್ಟೆಗೆ, ಆಮೇಲೆ ನಿಜಕ್ಕೇ. ಗೋಡೆಯಾಚೆ ಇಬ್ಬರೂ ಸೀಲು, ಬೇರಿಂಗು ಎಂದು ಮಾತಾಡಿಕೊಳ್ಳುವಾಗ ನಾನು ಈಚೆ ಕೂತು ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದೆ. ನನಗೂ ಅವಳಿಗೂ ನಡುವೆ ಅಂಥ ಒಂದು ಭಾಷೆ ಇರಲಿಲ್ಲ.

ಹೋದ ವರ್ಷ ಅವಳಿಗೆ ಒಂದು ಜ್ವರ ಬಂತು. ಆಸ್ಪತ್ರೆಗೆ ಕರೆದೊಯ್ಯುವಾಗ ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ಅಲ್ಲಿಂದ ಮನೆಗೆ ತಂದಾಗ ಇರಲಿಲ್ಲ. ಯಾರೋ ಚೆನ್ನಾಗಿ ತೊಳೆದಿದ್ದರು.

ಆಮೇಲೆ ನನ್ನ ಗಂಡ ಅವಳ ಮಾತೆತ್ತಿಲ್ಲ. ನಾನು ಎತ್ತಿದರೆ ಎದ್ದು ಶೆಡ್ಡಿಗೆ ಹೋಗುತ್ತಾರೆ. ಶೆಡ್ಡಿನಲ್ಲಿ ಎತ್ತಿದರೆ ಲಾರಿಯ ಕೆಳಗೆ ತೂರಿಕೊಳ್ಳುತ್ತಾರೆ.

ಅವಳು ಹೋದ ಮೇಲೆ ಲೈಟು ಹಿಡಿದು ಹಿಡಿದು ನನಗೂ ಒಂದಿಷ್ಟು ತಿಳಿದಿದೆ. ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಲ್ಲೋ ಮೇಲೆ ಕಣ್ಣಿಗೆ ಕಾಣದ ಸಂದಿಯಿಂದ ಹೊರಟ ಎಣ್ಣೆ ಎಂಜಿನ್ನಿನ ಮೈಮೇಲೆ ಜಾರಿ, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಇನ್ನೆಲ್ಲೋ ಬಂದು ಬೀಳುತ್ತದೆ. "ಕೆಳಗೆ ಹರಿಯತ್ತೆ, ಹಿಂದೆ ಹರಿಯತ್ತೆ. ಮೇಲಕ್ಕೆ ಹರಿಯೋ ಎಣ್ಣೇನ ನಾನಂತೂ ಕಂಡಿಲ್ಲ," ಎಂದು ನನ್ನ ಗಂಡ ಎಲ್ಲರಿಗೂ ಹೇಳುತ್ತಿದ್ದರು. ಅದಕ್ಕೇ ಅವರು ಹುಡುಕುವುದು ಯಾವಾಗಲೂ ಮೇಲಿನಿಂದ. ಮೊದಲು ಡೀಸೆಲ್ ಮತ್ತು ಬ್ರಷ್ಷಿನಿಂದ ಇಡೀ ಎಂಜಿನ್ ತೊಳೆಯಬೇಕು, ಬಟ್ಟೆಯಿಂದ ಒಣಗಿಸಬೇಕು, ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಬೇಕು. ಎಂಜಿನ್ ಬಿಸಿಯಾಗುವವರೆಗೆ ಓಡಿಸಿದರೆ ಬಿಳಿಯ ಮೇಲೆ ಎಣ್ಣೆ ತಾನಾಗಿ ಮೂಡುತ್ತದೆ. ಮೇಲಿನ ಕಲೆಯೇ ಸೋರಿಕೆಯ ಬಾಯಿ. ನಮ್ಮ ಮನೆಯ ಕನ್ನಡಿಯ ಮುಂದಿನ ಡಬ್ಬಿ ಯಾವತ್ತೂ ಖಾಲಿ. ಲಾರಿಗಳು ಘಮಘಮಿಸುತ್ತಾ ಹೋಗುತ್ತಿದ್ದವು, ನಾನು ಬೆವರು ನಾರಿಕೊಂಡು ಕೂತಿರುತ್ತಿದ್ದೆ.

ಈ ಲಾರಿಗೆ ಮೊದಲ ಸಲ ಅವರು ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಪ್ಯಾಕಿಂಗ್, ಅಂದರೆ ಸಂದಿಯಲ್ಲಿ ಎಣ್ಣೆ ತಡೆಯುವ ದಪ್ಪ ಪೇಪರ್, ಬದಲಾಯಿಸಿದರು. ಎರಡನೆಯ ಸಲ ಗೇರ್ ಬಾಕ್ಸನ್ನೇ ಇಳಿಸಿ ಹಿಂದಿನ ಆಯಿಲ್ ಸೀಲ್ ಹಾಕಿದರು. ದಿನವಿಡೀ ಬೆನ್ನು ಮುರಿಯುವ ಕೆಲಸ ಅದು. ಎರಡು ಸಲವೂ ಎಂಜಿನ್ ಒರೆಸಿದ್ದರಿಂದ ಕೆಲವು ದಿನ ಒಣಗಿದಂತೆ ಕಂಡಿತು, ಅಷ್ಟೇ.

ಈ ಸಲ ಅವರು ಮಾಡುವುದನ್ನು ನಾನು ಸರಿಯಾಗಿ ನೋಡಿದೆ. ತಳ ತೊಳೆದರು. ಹಿಂಭಾಗ ತೊಳೆದರು. ಬ್ರಷ್ಷು ಎಂಜಿನ್ನಿನ ಪಕ್ಕೆಯ ಮೇಲೆ ಅರ್ಧದವರೆಗೆ ಹತ್ತಿ ನಿಂತಿತು. ಪೌಡರ್ ಉದುರಿಸುವಾಗಲೂ ಅಲ್ಲೇ ನಿಂತಿತು. ಯಾರೋ ಅಡ್ಡಗೆರೆ ಎಳೆದು, ಇದರಾಚೆ ಕೈ ಹಾಕಬೇಡ ಎಂದ ಹಾಗೆ. ಗೆರೆಯ ಕೆಳಗೆ ಬೆಳ್ಳಗೆ, ಮೇಲೆ ದೂಳು ಜಿಡ್ಡು ಸೇರಿದ ಕಪ್ಪು. ಆ ಕಪ್ಪಿನಲ್ಲಿ, ಹೊಗೆ ಹೊರಡುವ ಕೊಳವೆಗಳ ಹಿಂದೆ, ಉದ್ದನೆಯ ತಗಡಿನ ಮುಚ್ಚಳವೊಂದಿದೆ. ಅದಕ್ಕೆ ಸೈಡ್ ಕವರ್ ಅನ್ನುತ್ತಾರೆ.

ಎಂಜಿನ್ನಿನಲ್ಲಿ ನಾನು ಹೆಸರು ಹಿಡಿದು ಹೇಳಬಲ್ಲ ಮುಚ್ಚಳ ಅದೊಂದೇ. ಜ್ವರ ಬರುವುದಕ್ಕೆ ಒಂದೆರಡು ದಿನ ಮುಂಚೆ ಇದೇ ಲಾರಿಯ ಆ ಕವರನ್ನು ಮಗಳು ಒಬ್ಬಳೇ ಕೂರಿಸಿದ್ದಳು. ಅವಳಪ್ಪ ಸೊಂಟ ಹಿಡಿದುಕೊಂಡು ಮಲಗಿದ್ದರು. ಶೆಡ್ಡಿನ ಟೇಬಲ್ ಕೊಳಕೆಂದು ಆ ತಗಡನ್ನು ತಂದು ನನ್ನ ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲಿಟ್ಟಳು. ಅದರ ಮೇಲೆ ದಪ್ಪ ಪ್ಯಾಕಿಂಗ್ ಪೇಪರ್ ಹಾಸಿ, ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ಟಕಟಕ ತಟ್ಟುತ್ತಾ ಹೋದಳು. ತಗಡಿನ ಅಂಚಿಗೆ ಸಿಕ್ಕಿ ಪೇಪರ್ ತಾನಾಗಿ ಕತ್ತರಿಸಿಕೊಂಡಿತು. "ನನ್ನ ಟೇಬಲ್ಲು ಹಾಳಾಯ್ತಲ್ಲೇ," ಎಂದು ನಾನು ಕೂಗಾಡಿದರೆ, "ನೋಡಮ್ಮ, ನೀನು ಸೀಟಿಗೆ ಬಟ್ಟೆ ಕತ್ತರಿಸೋ ಹಾಗೇ. ನಂಗೆ ಅಳತೆ ಕೂಡ ಬೇಡ, ಅಂಚೇ ಹೇಳತ್ತೆ," ಎಂದಳು. ಅವಳ ಕೆಲಸ ನನ್ನ ಟೇಬಲ್ಲಿಗೆ ಬಂದದ್ದು ಆ ಒಂದು ಸಲ.

"ರೀ, ಮೇಲೆ ಪೌಡರ್ ಹಾಕಲ್ವಾ?" ಎಂದೆ.

"ಮೇಲೇನೂ ಇಲ್ಲ."

"ಮೇಲಿಂದ ನೋಡ್ಬೇಕು ಅಂತ ನೀವೇ..."

"ಲೈಟು ಹಿಡಿಯೋಕೆ ಕರೆದೆ. ಪಾಠ ಹೇಳೋಕಲ್ಲ." ಲಾರಿಯ ಕೆಳಗಿನಿಂದ ಈಚೆ ಬಂದು ಎದ್ದು ನಿಂತರು. "ಹಿಂದಿನ ಸೀಲೇ. ಹೋದ ಸಲದ್ದು ಕಳಪೆ ಮಾಲು. ಅಂಗಡಿಗೆ ಹೋಗಿ ಒಳ್ಳೇದು ತರ್ತೀನಿ. ಮತ್ತೆ ಗೇರ್ ಬಾಕ್ಸ್ ಇಳಿಸೋಣ."

ನಡೆದುಹೋಗುವಾಗ ಒಂದು ಕೈ ಸೊಂಟದ ಮೇಲಿತ್ತು. ಮತ್ತೆ ಗೇರ್ ಬಾಕ್ಸ್ ಇಳಿಸಿದರೆ ಆ ಸೊಂಟ ಉಳಿಯುವುದಿಲ್ಲ. ಇಳಿಸಿ ಸೀಲ್ ಹಾಕಿದರೂ ಸೋರುವುದು ನಿಲ್ಲುವುದಿಲ್ಲ. ನಾಳೆ ಗಾಡಿ ದೊಡ್ಡ ಗ್ಯಾರೇಜಿಗೆ ಹೋಗುತ್ತದೆ, ಅಲ್ಲಿ ಯಾವನೋ ಆ ಮುಚ್ಚಳ ಬಿಚ್ಚುತ್ತಾನೆ. ಮಗಳ ಕೈಯ ಕೊನೆಯ ಕೆಲಸ, ಗುರುತು ಪರಿಚಯವಿಲ್ಲದವನ ಕೈಗೆ.

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು ಒಂದು ಪೆಟ್ಟಿಗೆಯ ಮೇಲೆ ಹತ್ತಿದೆ. ಕೊಳವೆಗಳ ಸಂದಿಯಲ್ಲಿ ಕೈ ತೂರಿಸಿ ಆ ಮುಚ್ಚಳವನ್ನೂ ಅದರ ಮೇಲಿನ ಭಾಗವನ್ನೂ ತುದಿಯವರೆಗೆ ಒರೆಸಿದೆ. ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಪೌಡರನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ತಟ್ಟಿದೆ. ಬಟ್ಟೆಯ ಮೇಲೆ ಸೀಮೆಸುಣ್ಣದ ಪುಡಿ ತಟ್ಟಿ ಗುರುತು ಮಾಡುವುದು ನನಗೆ ದಿನದ ಅಭ್ಯಾಸ. ಒಂದೇ ಸಮನಾಗಿ ಬೆಳ್ಳಗಾಯಿತು.

"ಸ್ಟಾರ್ಟ್ ಮಾಡು," ಎಂದೆ ಮೀಸೆಗೆ.

"ಅಕ್ಕಾ, ಮೇಸ್ತ್ರಿ ಬಂದ್ರೆ ನನ್ನ ಚರ್ಮ ಸುಲೀತಾರೆ."

"ನಿನ್ನ ಚರ್ಮ ಒಂದು ಸೀಟಿಗೂ ಸಾಲಲ್ಲ. ಹೆದರ್ಕೋಬೇಡ, ಸ್ಟಾರ್ಟ್ ಮಾಡು."

ಎಂಜಿನ್ ನಡುಗಿ ಎದ್ದಿತು. ನಾನು ಲೈಟು ಹಿಡಿದು ನಿಂತೆ. ಎಲ್ಲಕ್ಕಿಂತ ಮೇಲಿನ ಮುಚ್ಚಳದ ಅಂಚನ್ನೇ ನೋಡುತ್ತಿದ್ದೆ. ಅಲ್ಲಿಂದ ಬರಲಿ ಎಂದು ಬೇಡಿಕೊಂಡೆ. ಅಲ್ಲಿಂದ ಬಂದರೆ ಅದನ್ನು ಕೂರಿಸಿದವರು ಬೇರೆ ಯಾರೋ. ಎಂಜಿನ್ ಬಿಸಿಯಾಯಿತು, ಪೌಡರಿನ ವಾಸನೆ ಶೆಡ್ಡನ್ನೆಲ್ಲ ತುಂಬಿತು, ಮೇಲಿನ ಅಂಚು ಬೆಳ್ಳಗೇ ಇತ್ತು. ಆಮೇಲೆ ಸೈಡ್ ಕವರಿನ ಕೆಳಮೂಲೆಯಲ್ಲಿ, ಒಂದು ಬೋಲ್ಟಿನ ಪಕ್ಕ, ಎಳ್ಳುಕಾಳಿನಷ್ಟು ಕಪ್ಪು ಕಾಣಿಸಿತು. ಅದು ದಪ್ಪಗಾಗಿ ದಾರದಂತೆ ಕೆಳಗಿಳಿಯಿತು. ಚೇಂಬರಿನ ಅಂಚಿಗೆ ತಲುಪಿ, ಅದರಗುಂಟ ಹಿಂದಕ್ಕೆ ಸರಿದು, ಎರಡು ಸಲವೂ ನಾವು ಒದ್ದೆ ಕಂಡ ಜಾಗಕ್ಕೇ ಬಂದು ತೊಟ್ಟಿಕ್ಕಿತು.

ಮೀಸೆ ಇಳಿದು ಬಂದು ನನ್ನ ಭುಜದ ಹಿಂದಿನಿಂದ ಇಣುಕಿದ.

"ಅಕ್ಕಾ, ಇದು ಸಣ್ಣ ಮೇಸ್ತ್ರಿ ಕೂರಿಸಿದ್ದಲ್ವಾ?"

"ಹೂಂ."

ಅವನು ಹೋಗಿ ಎಂಜಿನ್ ಆರಿಸಿದ. ಲಾರಿ ತನ್ನ ಗೊರಕೆ ಮುಗಿಸಿತು. "ಬಿಡಕ್ಕ," ಎಂದ. "ಹೀಗೇ ಓಡಿಸ್ಕೊಳ್ತೀನಿ. ಬೆಳಿಗ್ಗೆ ಎದ್ದು ಒಂದಿಷ್ಟು ಎಣ್ಣೆ ಹಾಕ್ಕೊಂಡ್ರಾಯ್ತು."

"ಕಾವಲಿನವನು?"

"ಹೊರಗೆ ನಿಲ್ಸಿ ತಲೆ ಮೇಲೆ ಹೊರ್ತೀನಿ. ಒಂದು ಕಾಲದಲ್ಲಿ ಹಮಾಲಿ ಮಾಡಿದ ತಲೇನೇ ಇದು."

ಅವನ ಕಣ್ಣು ಒದ್ದೆಯಾಗಿತ್ತು. ಇವನೂ ಬಿಡು ಅನ್ನುತ್ತಾನೆ, ನನ್ನ ಗಂಡನೂ ಬಿಟ್ಟಿದ್ದಾರೆ. ನನಗೂ ಬಿಡೋಣ ಅನ್ನಿಸಿತು. ಆ ಪೌಡರನ್ನೆಲ್ಲ ಒರೆಸಿಬಿಟ್ಟು, ಏನೂ ಕಾಣಲಿಲ್ಲ ಎಂದುಬಿಡುವುದು ಎಷ್ಟು ಸುಲಭವಿತ್ತು. ಬಟ್ಟೆ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಅವರು ಬಂದರು. ಸೀಲಿನ ಪೊಟ್ಟಣ ಅಂಗಿಯ ಜೇಬಿನಲ್ಲಿತ್ತು. ಬೆಳ್ಳಗಾದ ಮುಚ್ಚಳವನ್ನೂ ಅದರ ಮೂಲೆಯಿಂದ ಇಳಿದ ಕಪ್ಪು ಗೆರೆಯನ್ನೂ ನೋಡಿ ನಿಂತಲ್ಲೇ ನಿಂತರು.

"ಯಾರು ಹಾಕಿದ್ದು ಪೌಡರು?"

"ನಾನು."

"ಒರೆಸು ಅದನ್ನ."

"ಒರೆಸಲ್ಲ."

"ಅದು ಅಲ್ಲಿಂದ ಬಂದಿದ್ದಲ್ಲ. ಮೇಲಿಂದ ಇಳಿದು ಬಂದಿರೋದು."

"ಮೇಲೆ ಬೆಳ್ಳಗಿದೆ ರೀ. ಲೈಟು ಹಿಡೀತೀನಿ, ನೋಡಿ."

ಲೈಟು ಎತ್ತಿ ಹಿಡಿದೆ. ಅವರು ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಕೂತು ಎರಡೂ ಅಂಗೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡರು. ಎಷ್ಟು ತಿಕ್ಕಿದರೂ ಕಪ್ಪು ಹೋಗದ ಕೈಗಳು.

"ಮೊದಲನೇ ಸಲಾನೇ ಗೊತ್ತಾಗಿತ್ತು ಕಣೇ," ಎಂದರು. "ಬಿಚ್ಚೋಕಾಗ್ಲಿಲ್ಲ."

ನನಗೆ ಅವರ ತಲೆಯ ಮೇಲೆ ಕೈಯಿಡಬೇಕೆನ್ನಿಸಿತು. ಇಟ್ಟರೆ ಇಬ್ಬರೂ ಅಲ್ಲೇ ಕುಸಿಯುತ್ತೇವೆ ಎಂದು ಸುಮ್ಮನಿದ್ದೆ. ಒಂದು ಲೆಕ್ಕದಲ್ಲಿ ಹೊಟ್ಟೆ ಉರಿಯಿತು ಕೂಡ. ಅವಳ ಬಟ್ಟೆಗಳನ್ನು ಮಡಚಿ ಮಡಚಿ ಇಡುತ್ತಾ ನಾನು ಮನೆಯೊಳಗೆ ಒಬ್ಬಳೇ ಅತ್ತಾಗ ಇವರು ಇಲ್ಲಿ, ಈ ಕೊಳವೆಗಳ ಹಿಂದೆ, ನನಗೆ ಹೇಳದೆ ಅವಳನ್ನು ಉಳಿಸಿಕೊಂಡಿದ್ದರು.

"ನೀವು ಬಿಚ್ಚದಿದ್ರೆ ನಾಳೆ ಅವರು ಬಿಚ್ತಾರೆ," ಎಂದೆ. "ಬಿಚ್ಚಿದ ತಕ್ಷಣ ಏನಂತಾರೆ? ನಿಮಗೆ ಗೊತ್ತಿಲ್ವಾ?"

ಅವರಿಗೆ ಗೊತ್ತಿತ್ತು. ಈ ಕಸುಬಿನಲ್ಲಿ ಇನ್ನೊಬ್ಬರು ಮಾಡಿದ್ದನ್ನು ಬಿಚ್ಚುವವರು ಪಾನಾ ಕೆಳಗಿಡುವ ಮುಂಚೆ ಬಾಯಿ ತೆರೆಯುತ್ತಾರೆ. ಯಾವ ಕತ್ತೆ ಕೂರಿಸಿದ್ದಯ್ಯ ಇದನ್ನ, ಕೈಯಲ್ಲಿ ಕೂರಿಸಿದ್ದಾ ಕಾಲಲ್ಲಿ ಕೂರಿಸಿದ್ದಾ ಎಂದು ಬೈಯದೆ ಯಾರ ಕೆಲಸವೂ ಶುರುವಾಗುವುದಿಲ್ಲ. ನನ್ನ ಗಂಡ ಅದರಲ್ಲಿ ಎತ್ತಿದ ಕೈ. ಅಪ್ಪ ಬೈಯುವುದನ್ನು ಕೇಳಿ ಮಗಳು ಲಾರಿಯ ಕೆಳಗೇ ಬಿದ್ದು ಬಿದ್ದು ನಗುತ್ತಿದ್ದಳು.

"ಅವಳ ಕೆಲಸಕ್ಕೆ ಯಾರೋ ಯಾಕೆ ಬೈಬೇಕು? ಬೈಯೋದಿದ್ರೆ ನೀವೇ ಬೈಯಿರಿ."

ಮೀಸೆ ನೆಲ ನೋಡುತ್ತಾ ನಿಂತಿದ್ದ. ಕೊಳವೆಗಳು ತಣ್ಣಗಾದ ಮೇಲೆ ನನ್ನ ಗಂಡ ಎದ್ದರು. ಜೇಬಿನಿಂದ ಸೀಲಿನ ಪೊಟ್ಟಣ ತೆಗೆದು ಹಲಗೆಯ ಮೇಲಿಟ್ಟು ಪಾನಾ ಆರಿಸಿಕೊಂಡರು.

ಮೇಲಿನ ಬೋಲ್ಟುಗಳು ಸಲೀಸಾಗಿ ಬಂದವು. ಒಂದೊಂದನ್ನೂ ನನ್ನ ಕೈಗೆ ಕೊಟ್ಟರು. ಕೆಳಮೂಲೆಯದ್ದು ಅಲುಗಲಿಲ್ಲ. ಕೊಳವೆಗೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ಎಳೆದರು. ಕಿರ್ ಎಂದು ಕೂಗಿ ಅದು ಬಿಟ್ಟುಕೊಂಡಿತು. ಕವರನ್ನು ಈಚೆ ತೆಗೆದು ಬೆಳಕಿಗೆ ತಿರುಗಿಸಿದರು. ಅಂಚಿಗೆ ಅಂಟಿಕೊಂಡು ಅರ್ಧ ಪೇಪರ್ ಬಂದಿತ್ತು, ಇನ್ನರ್ಧ ಎಂಜಿನ್ನಿನ ಮೈಮೇಲೆ ಉಳಿದಿತ್ತು. ಮೂಲೆಯ ಬೋಲ್ಟು ಕೂರುವಲ್ಲಿ ಪೇಪರ್ ಹಿಂಡಿಹೋಗಿ, ತೆಳುವಾಗಿ, ಸೀಳಿತ್ತು.

ಅವರು ಅದನ್ನು ಹೆಬ್ಬೆರಳಿನಿಂದ ಮುಟ್ಟಿದರು.

"ಲೇ," ಎಂದರು. ನಾನು ನನ್ನನ್ನೇ ಕರೆದರು ಎಂದುಕೊಂಡೆ.

"ಲೇ ಕತ್ತೆ. ಎಷ್ಟು ಸಲ ಹೇಳ್ಲಿ ನಿಂಗೆ? ಪೇಪರ್ ಹಿಂಡಬೇಡ, ಹಿಂಡಿದ್ರೆ ಸೀಳತ್ತೆ ಅಂತ ಬಡ್ಕೊಂಡಿಲ್ವಾ? ಮೇಲಿನವೆಲ್ಲ ಎಷ್ಟು ನೀಟಾಗಿ ಕೂರಿಸಿದೀಯ, ಈ ಮೂಲೆಗೆ ಬಂದ ತಕ್ಷಣ ನಿಂಗೆ ಪೈಲ್ವಾನನ ಮೈ ಬಂತಾ? ಹಾಂ? ಬಿಗಿ ಮಾಡಿದಷ್ಟೂ ಗಟ್ಟಿ ಅಂದ್ಕೊಂಡ್ಯಾ?"

ಗೋಡೆಯಾಚೆ ಕೂತು ವರ್ಷಗಟ್ಟಲೆ ಕೇಳಿದ್ದ ದನಿ. ಅದೇ ಏರು, ಅದೇ ಇಳಿತ, ಕೊನೆಯಲ್ಲಿ ನಗು ತಡೆದುಕೊಂಡಂಥ ಅದೇ ಗಂಟಲು. ಅದಕ್ಕೆ ಬರಬೇಕಾಗಿದ್ದ ಉತ್ತರಕ್ಕೆ ನಾನು ಕಾದೆ. ಅವರೂ ಕಾದರು. ಮೀಸೆ ಹೊರಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತ.

ಆಮೇಲೆ ಅವರು ಕವರನ್ನು ಹಲಗೆಯ ಮೇಲಿಟ್ಟು, ಚಪ್ಪಟೆ ಬ್ಲೇಡನ್ನು ತೆಗೆದುಕೊಂಡು ಎಂಜಿನ್ನಿನ ಮುಂದೆ ನಿಂತರು. ಉಳಿದ ಪೇಪರನ್ನು ಕೆರೆದು ತೆಗೆಯಬೇಕು. ಹಳೆಯದರ ಒಂದು ಚೂರು ಉಳಿದರೂ ಹೊಸ ಪ್ಯಾಕಿಂಗ್ ಕೂರುವುದಿಲ್ಲ, ಮತ್ತೆ ಸೋರುತ್ತದೆ. ಬ್ಲೇಡನ್ನು ಅಂಚಿಗೆ ಇಟ್ಟರು. ತೆಗೆದರು. ಮತ್ತೆ ಇಟ್ಟರು. ಕೈ ಮುಂದೆ ಹೋಗಲಿಲ್ಲ.

ನಾನು ಲೈಟನ್ನು ಅವರ ಕೈಗೆ ಕೊಟ್ಟು ಬ್ಲೇಡು ತೆಗೆದುಕೊಂಡೆ.

"ಮೊದಲು ಬಾಯಿಗೆ ಬಟ್ಟೆ ತುರುಕು," ಎಂದರು. "ಚೂರು ಒಳಗೆ ಬಿದ್ರೆ ಎಂಜಿನ್ ಹೋಗತ್ತೆ."

ಸೀಟು ಕತ್ತರಿಸಿ ಉಳಿದಿದ್ದ ಬಟ್ಟೆಯ ತುಂಡನ್ನು ಎಂಜಿನ್ನಿನ ತೆರೆದ ಬಾಯಿಗೆ ತುರುಕಿದೆ.

"ಬ್ಲೇಡು ಮಲಗಿಸಿ ಹಿಡಿ. ಚುಚ್ಚಬೇಡ. ಕಬ್ಬಿಣಕ್ಕೆ ಗೀರು ಬೀಳಬಾರದು."

ಮಲಗಿಸಿ ಹಿಡಿದೆ. ಎಣ್ಣೆ ಕುಡಿದು ಕಂದಾಗಿದ್ದ ಪೇಪರ್ ಮೊದಲು ಹಟ ಹಿಡಿಯಿತು. ಆಮೇಲೆ ಎಳೆಎಳೆಯಾಗಿ ಎದ್ದು ಬಂತು. ಅದರ ಅಂಚಿನಲ್ಲಿ ಸುತ್ತಿಗೆ ತಟ್ಟಿದ ಸಣ್ಣ ಸಣ್ಣ ಏರುತಗ್ಗು ಇನ್ನೂ ಇತ್ತು. ನಾನು ನಿಲ್ಲಲಿಲ್ಲ, ನಿಂತರೆ ಮತ್ತೆ ಶುರು ಮಾಡಲಾಗುವುದಿಲ್ಲವೆಂದು ಗೊತ್ತಿತ್ತು. ಮೇಲಿನ ಅಂಚು, ಆ ಪಕ್ಕ, ಈ ಪಕ್ಕ, ಬೋಲ್ಟಿನ ತೂತುಗಳ ಸುತ್ತ ಎಲ್ಲ ಕೆರೆದೆ. ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿ ಹೊಳೆಯಿತು. ಚೂರುಗಳು ನನ್ನ ಮುಂಗೈ ಮೇಲೆ, ಸೆರಗಿನ ಮೇಲೆ ಉದುರಿದವು.

"ನೋಡಿ, ಆಯ್ತು," ಎಂದೆ.

ಅವರು ಲೈಟು ಹತ್ತಿರ ತಂದು ಅಂಚಿನುದ್ದಕ್ಕೂ ನಿಧಾನವಾಗಿ ಬೆರಳಾಡಿಸಿದರು. ಒಂದು ಸುತ್ತು ಬಂದು ಕೆಳಮೂಲೆಯಲ್ಲಿ ನಿಲ್ಲಿಸಿದರು.

"ಇಲ್ಲಿ ಇನ್ನೂ ಇದೆ."

ಕೆರೆದೆ.

ಮತ್ತೆ ಬೆರಳಾಡಿಸಿದರು. "ಇನ್ನೂ ಸ್ವಲ್ಪ ಇದೆ ಕಣೇ."

ನಾನು ಬಗ್ಗಿ, ಮುಖ ಹತ್ತಿರಕ್ಕೊಯ್ದು ನೋಡಿದೆ. ಬರಿಯ ಕಬ್ಬಿಣವಿತ್ತು. ಅವರ ಬೆರಳು ಅಲ್ಲಿಂದ ಸರಿದಿರಲಿಲ್ಲ. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಏನೂ ಇಲ್ಲದ ಆ ಜಾಗವನ್ನು ಮತ್ತೊಮ್ಮೆ ಕೆರೆದೆ.